ಕುದೇರಿನ ಗಾಡಿ

ಶಿವಲಕ್ಷ್ಮಿಗೆ ಗುಂಡ್ಲುಪೇಟೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತೆಂದು ಮನೆಯಲ್ಲಿ ಕೋಳಿ ಸಾರು ಮಾಡಿದರು. ಕೆಲಸಕ್ಕೆ ಹೋಗುವುದು ಹೇಗೆ ಎಂಬ ಮಾತು ಹುಟ್ಟಿದ್ದು ಊಟ ಮುಗಿದು ತಟ್ಟೆ ಎತ್ತಿದ ಮೇಲೆ.

ಅವರ ಊರು ಬೇಗೂರಿನಿಂದ ಒಳಕ್ಕೆ, ಹೊಲಗಳ ನಡುವೆ ಇತ್ತು. ಊರಿಗೆ ಬರುವ ಮೊದಲ ಬಸ್ಸು ಶಾಲೆಯ ಮಕ್ಕಳಿಗೆಂದೇ ಎಂಟರ ಮೇಲೆ ಬರುತ್ತಿದ್ದ ಬಸ್ಸು. ಲ್ಯಾಬಿನ ಬಾಗಿಲು ತೆಗೆಯಬೇಕಾದದ್ದು ಬೆಳಿಗ್ಗೆ ಏಳಕ್ಕೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಲು ಬರುವ ಸಕ್ಕರೆ ಕಾಯಿಲೆಯವರು ಅದಕ್ಕೂ ಮೊದಲೇ ಮೆಟ್ಟಿಲ ಮೇಲೆ ಕೂತಿರುತ್ತಾರೆ ಎಂದು ಲ್ಯಾಬು ನಡೆಸುವ ಮಧುಶ್ರೀ ಮೊದಲೇ ಹೇಳಿದ್ದರು.

ಮನೆಯಲ್ಲಿ ಇದ್ದದ್ದು ಒಂದೇ ಗಾಡಿ, ಒಂದು ಬೈಕು. ಶಿವಲಕ್ಷ್ಮಿಯ ಗಂಡ ನಿಂಗರಾಜು ಅದರಲ್ಲಿ ಬಂಡೀಪುರದ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿಗೆ ಹೋಗಿಬರುತ್ತಿದ್ದ. ಅವನಿಗೆ ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಹಗಲು ಪಾಳಿಯ ವಾರ ದಾರಿಯಲ್ಲೇ ಹೆಂಡತಿಯನ್ನು ಇಳಿಸಿ ಹೋಗಬಹುದಿತ್ತು. ರಾತ್ರಿ ಪಾಳಿಯ ವಾರ ಮಾತ್ರ ಗಾಡಿ ಬೆಳಗಾಗುವ ತನಕ ಕಾಡಿನ ಗೇಟಿನ ಪಕ್ಕದಲ್ಲೇ ನಿಂತಿರುತ್ತಿತ್ತು. ಆ ವಾರ ಅವನು ಸಂಜೆ ಬೇಗೂರಿನಲ್ಲಿ ಊಟಿ ಬಸ್ಸು ಹತ್ತಲಿ, ಗಾಡಿ ತನಗಿರಲಿ ಎಂದು ಶಿವಲಕ್ಷ್ಮಿ ಕೇಳಿದಳು.

ಅತ್ತೆ ಚಿಕ್ಕನಿಂಗಮ್ಮ ಎಲೆಯಡಿಕೆ ಚೀಲ ಬಿಚ್ಚುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿದಳು. ಗಾಡಿಯನ್ನು ಮದುವೆಯಲ್ಲಿ ಕೊಟ್ಟಿದ್ದು ಶಿವಲಕ್ಷ್ಮಿಯ ಅಪ್ಪ, ಕುದೇರಿನ ಪುಟ್ಟಮಾದು. ಮನೆಯಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದೇ ಕುದೇರಿನ ಗಾಡಿ ಎಂದು.

"ಕೊಟ್ಟೋರು ನಿಮ್ಮಪ್ಪ, ಸರಿ. ಕೊಟ್ಟದ್ದು ನನ್ನ ಮಗುನ್ಗ ಕಣಮ್ಮಿ," ಎಂದಳು ಚಿಕ್ಕನಿಂಗಮ್ಮ.

"ಮನೇಗ ಕೊಟ್ರು ಅತ್ತೆ. ನಾನೂ ಈ ಮನೇಲೇ ಅಲ್ವಾ ಇರದು?"

ಮಾವ ಮಂಟೇಸ್ವಾಮಿ ಜಗಲಿಯಿಂದಲೇ ತನ್ನ ಅಭಿಪ್ರಾಯ ತಿಳಿಸಿದ. ಸರ್ಕಾರಿ ಜೀಪು ಓಡಿಸಿ ನಿವೃತ್ತನಾದವನು. ಗೇರಿನ ಗಾಡಿ ಹೆಂಗಸರ ಕೈಗೆ ಬಗ್ಗುವುದಿಲ್ಲ, ಕಾಲು ನೆಲಕ್ಕೆ ಎಟುಕುವುದಿಲ್ಲ, ಹೆದ್ದಾರಿಯಲ್ಲಿ ಕೇರಳದ ಲಾರಿಗಳು ನುಗ್ಗುತ್ತವೆ ಎಂದು ಒಂದೊಂದೇ ಹೇಳಿದ. ಶಿವಲಕ್ಷ್ಮಿ ಮದುವೆಗೆ ಮೊದಲು ಕುದೇರಿನಲ್ಲಿ ಅಪ್ಪನ ಮೊಪೆಡ್ಡಿನ ಮೇಲೆ ಟೊಮ್ಯಾಟೊ ಕ್ರೇಟು ಕಟ್ಟಿಕೊಂಡು ಮಂಡಿಗೆ ಹೋಗುತ್ತಿದ್ದವಳು. ಅದನ್ನು ಹೇಳಿದರೆ, ಮೊಪೆಡ್ಡು ಗಾಡಿಯೇ ಅಲ್ಲ ಎಂದ.

ನಿಂಗರಾಜು ಎರಡೂ ಕಡೆ ತಲೆಯಾಡಿಸಿದ. ರಜೆಯ ದಿನ ಬಂದಾಗ ಮಾತ್ರ ಹೆಂಡತಿಯನ್ನು ಕೂರಿಸಿಕೊಂಡು ಒಣಗಿದ ಕೆರೆಯಂಗಳಕ್ಕೆ ಹೋಗಿ ಕ್ಲಚ್ಚು, ಗೇರು ತೋರಿಸಿಕೊಟ್ಟ. ಅವಳು ಎರಡು ಸಲ ಗಾಡಿ ನಿಲ್ಲಿಸಿಬಿಟ್ಟಳು, ಮೂರನೆಯ ಸಲ ಸುತ್ತು ಹಾಕಿ ಬಂದಳು. ಮನೆಗೆ ಬರುವಾಗ ಊರ ಹೊರಗಿನಿಂದ ತಾನೇ ಓಡಿಸಿಕೊಂಡು ಬಂದು, ದನದ ಕೊಟ್ಟಿಗೆಯ ಪಕ್ಕ ಸ್ಟ್ಯಾಂಡ್ ಹಾಕಿ ನಿಲ್ಲಿಸಿದಳು. ಅವತ್ತು ರಾತ್ರಿಯಿಡೀ ಮಳೆ ಹೊಯ್ಯಿತು.

ಬೆಳಿಗ್ಗೆ ಸಗಣಿ ಬಾಚಲು ಮೊದಲು ಎದ್ದವಳು ಚಿಕ್ಕನಿಂಗಮ್ಮ. ಅವಳ ಕೂಗಿಗೆ ಎಲ್ಲರೂ ಹೊರಗೆ ಬಂದರು. ನೆನೆದ ಮಣ್ಣಿನಲ್ಲಿ ಸ್ಟ್ಯಾಂಡು ಹೂತುಹೋಗಿ ಗಾಡಿ ಮಗ್ಗುಲಾಗಿ ಬಿದ್ದಿತ್ತು. ಪೆಟ್ರೋಲಿನ ವಾಸನೆಗೆ ಹಸು ಮುಖ ತಿರುಗಿಸಿಕೊಂಡು ನಿಂತಿತ್ತು. ಅಪ್ಪ ಮಗ ಸೇರಿ ಗಾಡಿಯನ್ನು ಎತ್ತಿ ನಿಲ್ಲಿಸಿದರು. ಕನ್ನಡಿ ತಿರುಚಿಕೊಂಡದ್ದು ಬಿಟ್ಟರೆ ಮುರಿದದ್ದೇನೂ ಕಾಣಲಿಲ್ಲ. ಆದರೆ ಸೆಲ್ಫ್ ಒತ್ತಿದರೆ ಸದ್ದಿಲ್ಲ, ಕಿಕ್ಕರ್ ತುಳಿದರೆ ಉಸಿರಿಲ್ಲ. ನಿಂಗರಾಜು ಬೆವರಿ ಬನಿಯನ್ನು ಮೈಗಂಟುವ ತನಕ ತುಳಿದ. ಪಕ್ಕದ ಮನೆಯ ಹುಚ್ಚಯ್ಯನನ್ನು ಕರೆದು ಬೀದಿಯ ಇಳಿಜಾರಿನಲ್ಲಿ ತಳ್ಳಿಸಿದ್ದೂ ಆಯಿತು. ಗಾಡಿ ಇಳಿಜಾರಿನ ಕೊನೆಯ ತನಕ ಸುಮ್ಮನೆ ಉರುಳಿ ನಿಂತಿತು.

"ನಿಲ್ಸಿದ್ದು ಯಾರು?" ಎಂದು ಮಂಟೇಸ್ವಾಮಿ ಕೇಳಿದ. ಯಾರೆಂದು ಅವನಿಗೂ ಗೊತ್ತಿತ್ತು.

ಶಿವಲಕ್ಷ್ಮಿ ತಾನೇ ಎಂದಳು. ಮಳೆ ಬರುತ್ತದೆಂದು ಯಾರಿಗೆ ಗೊತ್ತಿತ್ತು, ದಿನಾ ನಿಲ್ಲುವ ಜಾಗವೂ ಅದೇ ಎಂದಳು. ದಿನಾ ನಿಲ್ಲಿಸುವಾಗ ಸ್ಟ್ಯಾಂಡಿನ ಕೆಳಗೆ ಚಪ್ಪಡಿ ಇಡುತ್ತೇನೆ ಎಂದ ನಿಂಗರಾಜು. ಹಾಗಾದರೆ ನಿನ್ನೆ ಪಕ್ಕದಲ್ಲೇ ನಿಂತಿದ್ದ ನೀವು ಅದನ್ನು ಯಾಕೆ ಹೇಳಲಿಲ್ಲ ಎಂದಳು ಅವಳು. ಅಲ್ಲಿಂದ ಮಾತು ಎಲ್ಲೆಲ್ಲಿಗೋ ಹೋಯಿತು. ನಿಂಗರಾಜು ತಿಂಡಿ ತಿನ್ನದೆ, ಬಸ್ಸಿಗೆಂದು ಬೇಗೂರಿನ ತನಕ ನಡೆದುಹೋದ.

ಬೇಗೂರಿನ ಮೆಕ್ಯಾನಿಕ್ ರಂಗರಾಜುವಿಗೆ ಫೋನು ಮಾಡಿದಾಗ, ಗಾಡಿ ತಂದುಬಿಡಿ ನೋಡೋಣ ಎಂದ. ಮಂಟೇಸ್ವಾಮಿಗೆ ಅದು ಸರಿಬರಲಿಲ್ಲ. ಆನೆ ಓಡಾಡುವ ಕಾಡಿನಲ್ಲಿ ಸಾಹೇಬರನ್ನು ಕೂರಿಸಿಕೊಂಡು, ಕೆಟ್ಟ ಜೀಪನ್ನು ಅಲ್ಲೇ ಬಿಚ್ಚಿ ಸರಿಮಾಡಿಕೊಂಡು ಬಂದವನು ತಾನು. ಎರಡು ಗಾಲಿಯ ಗಾಡಿಯನ್ನು ಆಟೋದಲ್ಲಿ ಹೇರಿಕೊಂಡು ಬೇಗೂರಿನ ಬೀದಿಯಲ್ಲಿ ಮೆರವಣಿಗೆ ಹೋಗಲೇ ಎಂದ. ಕೊಟ್ಟಿಗೆಯ ಮುಂದೆ ಗೋಣಿ ಹಾಸಿ, ಸ್ಪ್ಯಾನರು ಜೋಡಿಸಿಕೊಂಡು ಕೂತ.

ಮೊದಲು ಪ್ಲಗ್ಗು ಬಿಚ್ಚಿದ. ಅದು ಪೆಟ್ರೋಲಿನಲ್ಲಿ ತೊಯ್ದು ಕಪ್ಪಗಾಗಿತ್ತು. ಮರಳು ಕಾಗದದಲ್ಲಿ ಉಜ್ಜಿ, ಒಣಗಲೆಂದು ಗ್ಯಾಸಿನ ಒಲೆಯ ಮೇಲೆ ಕಾಯಿಸಿದ. ಅವತ್ತಿನ ಉಪ್ಪಿಟ್ಟಿಗೆ ಪೆಟ್ರೋಲಿನ ವಾಸನೆ ಹೊಡೆಯಿತು. ಚಿಕ್ಕನಿಂಗಮ್ಮ ತಟ್ಟೆಯನ್ನು ಅವನ ಮುಂದಿಟ್ಟು, ನೀನು ಮಾಡಿದ್ದು ನೀನೇ ತಿನ್ನು ಎಂದಳು. ಅವನು ತಿಂದ. ಪ್ಲಗ್ಗನ್ನು ಎಂಜಿನ್ನಿಗೆ ತಾಗಿಸಿ ಹಿಡಿದು ಹುಚ್ಚಯ್ಯನಿಂದ ಕಿಕ್ಕರ್ ತುಳಿಸಿದರೆ ಕಿಡಿಯೇ ಹಾರಲಿಲ್ಲ. ಹೊಸ ಪ್ಲಗ್ಗು ತರಿಸಿದ, ಅದರಲ್ಲೂ ಕಿಡಿ ಬರಲಿಲ್ಲ. ಬ್ಯಾಟರಿ ಸತ್ತಿರಬೇಕೆಂದು ಅದನ್ನು ಚೀಲದಲ್ಲಿ ಹಾಕಿಕೊಂಡು ಬೇಗೂರಿಗೆ ಹೋಗಿ ಚಾರ್ಜು ಮಾಡಿಸಿ ತಂದ. ಇಂಡಿಕೇಟರು ಪಳಪಳನೆ ಮಿನುಗಿತು, ಗಾಡಿ ಮಾತ್ರ ಮಿಸುಕಲಿಲ್ಲ. ಕರೆಂಟು ಹರಿಸುವ ಕಾಯಿಲ್ ಹೋಗಿದೆ ಎಂದು ತೀರ್ಮಾನಿಸಿ ಹೊಸದು ಹಾಕಿದ. ಆಮೇಲೆ ಕಾರ್ಬೊರೇಟರನ್ನೂ ಬಿಚ್ಚಿ ತುಂಡುತುಂಡು ಮಾಡಿ, ಸ್ಟೀಲಿನ ಬಟ್ಟಲಿನಲ್ಲಿ ಪೆಟ್ರೋಲು ಹಾಕಿ ನೆನೆಸಿಟ್ಟ. ಆ ಬಟ್ಟಲು ಚಿಕ್ಕನಿಂಗಮ್ಮ ಮೊಸರು ಹೆಪ್ಪು ಹಾಕುವ ಬಟ್ಟಲು. ಎರಡು ದಿನ ಅವರಿಬ್ಬರ ನಡುವಿನ ಮಾತೆಲ್ಲ ಶಿವಲಕ್ಷ್ಮಿಯ ಮೂಲಕವೇ ನಡೆಯಿತು.

ಗಾಡಿ ನಿಂತ ಮೇಲೆ ಅದು ಮಾಡುತ್ತಿದ್ದ ಕೆಲಸವೆಲ್ಲ ಒಬ್ಬೊಬ್ಬರ ಮೈಮೇಲೆ ಬಂತು. ಹಾಲಿನ ಕ್ಯಾನನ್ನು ಮಂಟೇಸ್ವಾಮಿ ಕೈಯಲ್ಲಿ ಹಿಡಿದುಕೊಂಡು ಡೈರಿಗೆ ನಡೆದ. ಹಿಂಡಿ ಮೂಟೆ ಹುಚ್ಚಯ್ಯನ ಎತ್ತಿನ ಗಾಡಿಯಲ್ಲಿ ಬಂತು. ನಿಂಗರಾಜು ಹಗಲು ಪಾಳಿಗೂ ರಾತ್ರಿ ಪಾಳಿಗೂ ಬಸ್ಸಿನಲ್ಲೇ ಹೋಗಿಬಂದ.

ಶಿವಲಕ್ಷ್ಮಿಯದೇ ಕಷ್ಟ. ಹೆದ್ದಾರಿಯಲ್ಲಿ ಬೆಳಗಿನ ಬಸ್ಸು ಸಿಗಬೇಕಾದರೆ ಮಬ್ಬುಗತ್ತಲಲ್ಲಿ ಹೊಲದ ದಾರಿ ಹಿಡಿದು ಬೇಗೂರಿಗೆ ನಡೆಯಬೇಕು. ಆ ದಾರಿಯಲ್ಲಿ ಕಾಡುಹಂದಿಗಳ ಕಾಟ. ಮೊದಲ ದಿನ ಅವಳು ಟಾರ್ಚು ಹಿಡಿದು ಹೊರಟಾಗ ಚಿಕ್ಕನಿಂಗಮ್ಮ ಕೋಲು ತೆಗೆದುಕೊಂಡು ಹಿಂದೆಯೇ ಬಂದಳು. ದಾರಿಯುದ್ದಕ್ಕೂ ಗೊಣಗಿದಳು. ಗಾಡಿ ಬೀಳಿಸಿದ್ದು ಒಬ್ಬರು, ಕಾಲು ಸವೆಸುವುದು ಇನ್ನೊಬ್ಬರು ಎಂದಳು. ತನ್ನ ಕಾಲದಲ್ಲಿ ಹೆಣ್ಣುಮಕ್ಕಳು ಹೊಲದಲ್ಲೇ ದುಡಿಯುತ್ತಿದ್ದರು, ಯಾರ ರಕ್ತವನ್ನೂ ತೆಗೆಯುತ್ತಿರಲಿಲ್ಲ ಎಂದಳು. ಬಸ್ಸು ಬರುವ ತನಕ ನಿಂತು, ಸೊಸೆಯನ್ನು ಹತ್ತಿಸಿ, ಒಬ್ಬಳೇ ವಾಪಸು ಹೋದಳು. ಮರುದಿನವೂ ಬಂದಳು. ಆಮೇಲೆ ಅದು ದಿನದ ಕೆಲಸವಾಯಿತು. ಗೊಣಗಾಟ ಮುಗಿದ ಮೇಲೆ ಲ್ಯಾಬಿಗೆ ಯಾರ್‍ಯಾರು ಬರುತ್ತಾರೆ, ಸೂಜಿ ಕಂಡು ಗಂಡಸರೂ ಹೆದರುತ್ತಾರಾ ಎಂದೆಲ್ಲ ಕೇಳತೊಡಗಿದಳು. ಲಾರಿ ಡ್ರೈವರೊಬ್ಬ ಸೂಜಿ ನೋಡಿ ಕುರ್ಚಿಯಿಂದ ಜಾರಿದ ಕಥೆಯನ್ನು ಎರಡು ಸಲ ಹೇಳಿಸಿಕೊಂಡಳು.

ಆದರೂ ಬಸ್ಸು ಕೈಕೊಟ್ಟ ದಿನಗಳಿದ್ದವು. ಎರಡನೆಯ ಸಲ ತಡವಾದಾಗ ಮಧುಶ್ರೀ ಸಿಟ್ಟಾಗಲಿಲ್ಲ. ಲ್ಯಾಬಿನ ಮೆಟ್ಟಿಲ ಮೇಲೆ ಮುದುಕರು ಕಾಯುವುದನ್ನು ನೋಡಲಾಗುವುದಿಲ್ಲ, ಈ ತಿಂಗಳೊಳಗೆ ಏನಾದರೂ ಏರ್ಪಾಡು ಮಾಡಿಕೋ, ಇಲ್ಲದಿದ್ದರೆ ಗುಂಡ್ಲುಪೇಟೆಯಲ್ಲೇ ಇರುವ ಹುಡುಗಿಯನ್ನು ನೋಡಬೇಕಾಗುತ್ತದೆ ಎಂದರು. ಆ ಸಂಜೆ ಅಪ್ಪ ಫೋನು ಮಾಡಿದಾಗ ಶಿವಲಕ್ಷ್ಮಿ ಬಾಯಿತಪ್ಪಿ ಎಲ್ಲವನ್ನೂ ಹೇಳಿಬಿಟ್ಟಳು.

ಪುಟ್ಟಮಾದು ಮಾತಿಗಿಂತ ಕೆಲಸ ಮುಂದು ಎನ್ನುವ ಮನುಷ್ಯ. ಭಾನುವಾರ ಬೆಳಿಗ್ಗೆ ಗೂಡ್ಸ್ ಆಟೋ ಮಾಡಿಕೊಂಡು ಕುದೇರಿನಿಂದ ಬಂದೇಬಿಟ್ಟ. ಗಾಡಿಯನ್ನು ಏರಿಸಿಕೊಂಡು ಹೋಗಿ, ತನ್ನ ಊರಿನ ಮೆಕ್ಯಾನಿಕ್ ಕೈಯಲ್ಲಿ ಸರಿ ಮಾಡಿಸಿ ಕಳಿಸುತ್ತೇನೆ ಎಂದ. ಅವನ ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಆದರೆ ಆಟೋದ ಹಿಂಬದಿಗೆ ಹಲಗೆ ಒರಗಿಸಿದ್ದನ್ನು ಕಂಡು ಹುಚ್ಚಯ್ಯನ ಹೆಂಡತಿ ಬಾಗಿಲಿಗೆ ಬಂದು ನಿಂತಳು. ಅವಳ ಹಿಂದೆ ಇನ್ನಿಬ್ಬರು ಬಂದರು.

ಚಿಕ್ಕನಿಂಗಮ್ಮ ಮಗನನ್ನು ಅಡುಗೆಮನೆಗೆ ಕರೆದಳು. "ಮದ್ವೇಲಿ ಕೊಟ್ಟದ್ದ ವಾಪಸ್ಸು ತಕೊಂಡೋದ್ರು ಅಂತಾರೆ ಕಣ್ಲಾ ನಾಳಿಕ. ಬೀಗ್ರು ಮುನಿಸ್ಕಂಡ್ರು, ಸೊಸೇನೂ ಕಳಿಸ್ಬುಟ್ರು ಅಂತಾರೆ. ಏನಾರ ಮಾಡು."

ನಿಂಗರಾಜು ಏನು ಮಾಡಿಯಾನು. ಮಂಟೇಸ್ವಾಮಿ ಗೋಣಿಯ ಮೇಲೆ ಕೂತು, ಆಗತಾನೆ ಜೋಡಿಸಿ ಗಾಡಿಗೆ ಮತ್ತೆ ಕೂರಿಸಿದ್ದ ಕಾರ್ಬೊರೇಟರನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದ, ಬೀಗರ ಮುಖ ನೋಡಲಿಲ್ಲ. ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು, ಯಾರನ್ನೂ ಯಾರೂ ಊಟಕ್ಕೆ ಕರೆಯಲಿಲ್ಲ.

ಆಟೋದವನು ಹಗ್ಗ ಬಿಚ್ಚುತ್ತಿದ್ದಾಗ ಶಿವಲಕ್ಷ್ಮಿ ಹೊರಗೆ ಬಂದು, ಸ್ವಲ್ಪ ತಡಿ ಎಂದಳು. ಲ್ಯಾಬಿನಲ್ಲಿ ಯಾರದಾದರೂ ಸಕ್ಕರೆ ಇದ್ದಕ್ಕಿದ್ದಂತೆ ಏರಿದ್ದು ಕಂಡರೆ ಮಧುಶ್ರೀ ಮತ್ತೆ ಸೂಜಿ ಚುಚ್ಚುವ ಮೊದಲು ಎದುರಿಗೆ ಕೂರಿಸಿಕೊಂಡು ಹಿಂದಿನ ರಾತ್ರಿಯಿಂದ ಕೇಳಿಕೊಂಡು ಬರುತ್ತಿದ್ದರು. ನೀರು ಬಿಟ್ಟು ಏನೂ ಕುಡಿದಿಲ್ಲ ಎಂದವರು ನಾಲ್ಕನೆಯ ಪ್ರಶ್ನೆಗೆ ಬಸ್‌ಸ್ಟ್ಯಾಂಡಿನ ಕಾಫಿ ನೆನಪಿಸಿಕೊಳ್ಳುತ್ತಿದ್ದರು. ಗಾಡಿ ಬಿದ್ದ ಬೆಳಿಗ್ಗೆ ಯಾರು ಏನು ಮಾಡಿದಿರಿ, ಮೊದಲಿನಿಂದ ಹೇಳಿ ಎಂದು ಶಿವಲಕ್ಷ್ಮಿಯೂ ಹಾಗೆಯೇ ಕೇಳಿದಳು.

ಎತ್ತಿದೆವು, ಸೆಲ್ಫ್ ಒತ್ತಿದೆ, ಕಿಕ್ಕರ್ ತುಳಿದೆ ಎಂದ ನಿಂಗರಾಜು. ಮಂಟೇಸ್ವಾಮಿ ತಲೆಯೆತ್ತದೆ, ಎತ್ತುವಾಗ ಟ್ಯಾಂಕಿನಿಂದ ಪೆಟ್ರೋಲು ಬಿಡುವ ಕಾಕು ಬಂದ್ ಮಾಡಿದೆ, ಆಮೇಲೆ ತೆಗೆದೆ ಎಂದ.

"ಅದ್ಕೂ ಮುಂಚೆ?"

"ಅದ್ಕೂ ಮುಂಚೆ ಬಿದ್ದಿತ್ತು," ಎಂದ ಮಂಟೇಸ್ವಾಮಿ.

"ಬಿದ್ದದ್ದ ಮೊದ್ಲು ನೋಡ್ದೋರು ನೀವು ಅಲ್ವಾ ಅತ್ತೆ. ನೀವೇನ್ ಮಾಡುದ್ರಿ?"

ಚಿಕ್ಕನಿಂಗಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. "ನಾನೇನ್ ಮಾಡನ? ಪೆಟ್ರೋಲ್ ಸೋರ್ತಿತ್ತು, ಎಲ್ಲಿ ಬೆಂಕಿ ಅತ್ಕಂಡದೋ ಅಂತ ಎದ್ರಿಕೆ ಆಯ್ತು. ಇಟ್ಟಿನ ಮಿಲ್ಲಲ್ಲಿ ಏನಾರ ಆದ್ರ ಕೆಂಪುದ ಒತ್ತು, ಎಲ್ಲ ನಿಂತೋಯ್ತದ ಅಂತಾನಲ್ಲ ಮಿಲ್ ನಡ್ಸೋ ಶಾಂತಮಲ್ಲಪ್ಪ. ಇದ್ರಲ್ಲೂ ಒಂದು ಕೆಂಪುದಿತ್ತು. ಒತ್ತಿದೆ."

ನಿಂಗರಾಜು ಗಾಡಿಯ ಬಳಿ ಹೋಗಿ ಬಲಗೈ ಹಿಡಿಕೆಯ ಪಕ್ಕ ಬಗ್ಗಿ ನೋಡಿದ. ಎಂಜಿನ್ನಿಗೆ ಹೋಗುವ ಕರೆಂಟನ್ನು ಕಡಿಯುವ ಆ ಕೆಂಪು ಸ್ವಿಚ್ಚನ್ನು ಅವನು ಗಾಡಿ ಬಂದಾಗಿನಿಂದ ಒಂದು ಸಲವೂ ಮುಟ್ಟಿರಲಿಲ್ಲ. ಜೀಪಿನಲ್ಲಿ ಅಂಥದ್ದು ಇರುವುದೇ ಇಲ್ಲವಾದ್ದರಿಂದ ಮಂಟೇಸ್ವಾಮಿಯೂ ಅದರ ಕಡೆ ನೋಡಿರಲಿಲ್ಲ. ಅದು ಆಫ್ ಕಡೆಗೆ ಒತ್ತಿಕೊಂಡಿತ್ತು. ನಿಂಗರಾಜು ಹೆಬ್ಬೆರಳಲ್ಲಿ ಅದನ್ನು ಈಚೆಗೆ ತಳ್ಳಿದ. ಶಿವಲಕ್ಷ್ಮಿ ಕೀ ತಿರುಗಿಸಿ ಸೆಲ್ಫ್ ಒತ್ತಿದಳು. ಗಾಡಿ ಒಂದೇ ಸಲಕ್ಕೆ ಸ್ಟಾರ್ಟಾಯಿತು. ತಿಪ್ಪೆಯಲ್ಲಿದ್ದ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ಇಷ್ಟ್ ದಿನ ಯಾಕವ್ವ ಯೋಳ್ನಿಲ್ಲ?" ಎಂದ ನಿಂಗರಾಜು.

"ಯಾರ್ಲಾ ಕೇಳುದ್ರಿ ನನ್ನ? ಅಪ್ಪ ಮಗ ಎಲ್ಲ ಗೊತ್ತಿರೋರಂಗೆ ಬಿಚ್ಚಿಬಿಚ್ಚಿ ಇಡ್ತಿದ್ರಿ. ನಿಂತೋಗಿರೋ ಗಾಡಿ ನಿಲ್ಸುದ್ರ ಏನಾದದು ಅಂದ್ಕಂಡೆ. ಒಳ್ಳೇದ ಮಾಡಿದೀನಿ ಅಂತ್ಲೇ ಇದ್ದೆ ನಾನು."

ಮೊದಲು ನಕ್ಕವನು ಆಟೋದವನು. ಆಮೇಲೆ ಪುಟ್ಟಮಾದು ಹಲಗೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ. ನಿಂಗರಾಜುವಿಗೂ ತಡೆಯಲಾಗಲಿಲ್ಲ. ಚಿಕ್ಕನಿಂಗಮ್ಮನ ಮುಖ ಸಣ್ಣಗಾಯಿತು. ಅವಳು ಒಳಗೆ ಹೋಗುವುದರಲ್ಲಿದ್ದಳು. ಆಗ ಮಂಟೇಸ್ವಾಮಿ ಕೈ ಒರೆಸಿಕೊಂಡು ಎದ್ದ.

"ನಗೋದ್ಯಾಕ? ಒಳ್ಳೇದೇ ಮಾಡವಳೆ. ಪೆಟ್ರೋಲ್ ಸೋರೋವಾಗ ಅದ್ನೇ ಮೊದ್ಲು ಮಾಡ್ಬೇಕು. ಗೊತ್ತಿರ್ಬೇಕಾದದ್ದು ನಮ್ಗ," ಎಂದ.

ಮೊಸರಿನ ಬಟ್ಟಲಿನ ಜಗಳವಾದ ಮೇಲೆ ಅವನು ಹೆಂಡತಿಯ ಪರವಾಗಿ ಆಡಿದ ಮೊದಲ ಮಾತು ಅದು. ಚಿಕ್ಕನಿಂಗಮ್ಮ ಸೆರಗು ಸರಿಮಾಡಿಕೊಂಡು, ಬೀಗರಿಗೆ ಕೈಕಾಲು ತೊಳೆಯಲು ನೀರು ಕೊಡಮ್ಮಿ ಎಂದು ಸೊಸೆಗೆ ಹೇಳಿದಳು. ಊಟಕ್ಕೆ ಕೂತಾಗ ಮಂಟೇಸ್ವಾಮಿ, ಎಂಜಿನ್ನಿನ ಸದ್ದು ಈಗ ಎಷ್ಟು ಸಣ್ಣಗಿದೆ ನೋಡಿದಿರಾ, ಕಾರ್ಬೊರೇಟರು ತೊಳೆದದ್ದರಿಂದಲೇ ಅದು ಎಂದ. ಎಲ್ಲರೂ ಹೌದು ಎಂದರು. ಆಟೋ ಬರಿದಾಗಿ ಹೋಗಬಾರದೆಂದು ಚಿಕ್ಕನಿಂಗಮ್ಮ ಅಟ್ಟದ ಮೇಲಿದ್ದ ಸಿಹಿಗುಂಬಳಗಳನ್ನೂ ಒಂದು ಚೀಲ ರಾಗಿಯನ್ನೂ ಹೇರಿಸಿದಳು. ಬಾಗಿಲಲ್ಲಿ ನಿಂತಿದ್ದ ಹೆಂಗಸರಿಗೆ ಕೇಳಲೆಂದೇ, ಬೀಗರು ಸುಮ್ಮನೆ ಮಾತಾಡಿಸಿಕೊಂಡು ಹೋಗಲು ಬಂದಿದ್ದರು ಎಂದು ಜೋರಾಗಿ ಹೇಳಿದಳು.

ಗಾಡಿ ಓಡುವಂತಾಯಿತು, ಓಡಿಸುವವರು ಯಾರೆಂಬುದು ಹಾಗೇ ಉಳಿದಿತ್ತು. ಅದು ತೀರ್ಮಾನವಾದದ್ದು ಆ ಸಂಜೆ, ಹಿಟ್ಟು ಬಡಿಸುವಾಗ. ನಾಳೆಯಿಂದ ರಾತ್ರಿ ಪಾಳಿ, ಗಾಡಿಗೆ ಪೆಟ್ರೋಲು ಹಾಕಿಸಬೇಕು ಎಂದು ನಿಂಗರಾಜು ಹೇಳುತ್ತಿದ್ದ. ಅವನ ತಟ್ಟೆಗೆ ಮುದ್ದೆ ಹಾಕುತ್ತಿದ್ದ ಚಿಕ್ಕನಿಂಗಮ್ಮ ಕೈ ತಡೆದಳು.

"ನೀನು ಇಷ್ಟ್ ದಿನ ಬಸ್ಸಲ್ಲಿ ಓದ್ಯಲ್ಲ, ಸವೆದೋದ್ಯಾ?"

ಇಲ್ಲ ಎಂದ ಅವನು.

"ನಾನು ದಿನಾ ಬೇಗೂರ್ಗ ನಡ್ದು ನನ್ನ ಮಂಡಿ ಸವೆದೋಯ್ತು. ಆ ಮುದುಕ್ರು ಅಸ್ಕೊಂಡು ಮೆಟ್ಲು ಮೇಲೆ ಕುಂತಿರ್ತಾರಂತೆ. ನಿನ್ನ ರಾತ್ರಿ ಪಾಳಿ ವಾರ್ದಲ್ಲಿ ನೀನು ಬಸ್ಸು ಅತ್ತು. ಗಾಡಿ ಇವ್ಳು ಓಡಿಸ್ಲಿ."

ಗೇಟಿನಲ್ಲಿ ಜೊತೆಯವರು ಆಡಿಕೊಳ್ಳುತ್ತಾರೆ ಎಂದು ನಿಂಗರಾಜು ಹೇಳಬೇಕೆಂದಿದ್ದ. ಆದರೆ ಆಡಿಕೊಳ್ಳುವುದನ್ನೆಲ್ಲ ಅವರು ಆಗಲೇ ಆಡಿಕೊಂಡು ಮುಗಿಸಿದ್ದರು, ಈಗ ಬಸ್ಸಿನಲ್ಲಿ ಬರುವಾಗ ಬೇಗೂರಿನ ಬೋಂಡಾ ತಂದುಕೊಡು ಎನ್ನುತ್ತಿದ್ದರು. ಅವನು ಲೈಸೆನ್ಸ್ ಇಲ್ಲದೆ ಹೆದ್ದಾರಿಗೆ ಇಳಿಯಬಾರದು ಎಂದಷ್ಟೇ ಹೇಳಿದ. ಅಲ್ಲಿಯ ತನಕ ತಾನೇ ಹಿಂದೆ ಕೂತು ಲ್ಯಾಬಿನ ತನಕ ಹೋಗಿಬರುತ್ತೇನೆ ಎಂದು ಜಗಲಿಯಿಂದ ಮಂಟೇಸ್ವಾಮಿಯ ದನಿ ಬಂತು. ಗೇರಿನ ಗಾಡಿ ಹೆಂಗಸರಿಗೆ ಬಗ್ಗುವುದಿಲ್ಲ ಎಂದಿರಲ್ಲ ಮಾವ ಎಂದು ಶಿವಲಕ್ಷ್ಮಿ ಕೇಳಲಿಲ್ಲ. ಜಗಲಿಗೆ ಹೋಗಿ ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಅವಳು ಕಲಿಯುವವರ ಲೈಸೆನ್ಸ್ ಮಾಡಿಸಿಕೊಂಡಳು. ಮಂಟೇಸ್ವಾಮಿ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತ. ಅವನು ಕಠಿಣ ಮೇಷ್ಟ್ರು. ಲಾರಿ ಎದುರಾದರೆ ಅಂಚಿಗೆ ಹೋಗಬೇಡ, ನಿನ್ನ ಜಾಗ ಬಿಟ್ಟುಕೊಡಬೇಡ ಎನ್ನುತ್ತಿದ್ದ. ಕೆರೆಯಂಗಳದಲ್ಲಿ ಸುಣ್ಣದ ಪುಡಿಯಿಂದ ಎಂಟರ ಆಕಾರ ಬರೆದು, ಕಾಲು ಕೆಳಗಿಡದೆ ಸುತ್ತು ಹಾಕಿಸಿದ. ಚಾಮರಾಜನಗರದಲ್ಲಿ ಪರೀಕ್ಷೆಯ ದಿನ ಬೇಲಿಯ ಆಚೆ ನಿಂತು ನೋಡಿದ. ಶಿವಲಕ್ಷ್ಮಿ ತಿರುವಿಗೆ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ನೆಲವನ್ನು ಅದುಮುತ್ತಿತ್ತು. ಅವಳು ಕಾಲಿಡದೆ ಎಂಟನ್ನು ಮುಗಿಸಿ ಬಂದಳು. ಕಲಿಸಿದ್ದು ಯಾರಮ್ಮ ಎಂದು ಇನ್ಸ್‌ಪೆಕ್ಟರು ಕೇಳಿದರು. "ನಮ್ಮ ಮಾವ," ಎಂದು ಅವಳು ಬೇಲಿಯ ಕಡೆ ತೋರಿಸಿದಳು. ಮಂಟೇಸ್ವಾಮಿ ಕೆಲಸದಲ್ಲಿದ್ದಾಗ ಸಾಹೇಬರ ಮುಂದೆ ನಿಲ್ಲುತ್ತಿದ್ದ ಹಾಗೆ ನೆಟ್ಟಗೆ ನಿಂತ. ವಾಪಸು ಬರುವಾಗ ಮಸಾಲೆ ದೋಸೆ ಕೊಡಿಸಿದ.

ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬಂದ ಮೇಲಿನ ಭಾನುವಾರ, ಚಾಮರಾಜನಗರದಲ್ಲಿರುವ ತಂಗಿ ಕರಿಯಮ್ಮನನ್ನು ನೋಡಿ ಬಹಳ ದಿನವಾಯಿತು ಎಂದಳು ಚಿಕ್ಕನಿಂಗಮ್ಮ. ಕರೆದುಕೊಂಡು ಹೋಗು ಎಂದು ಕೇಳಲಿಲ್ಲ, ತಲೆ ಬಾಚಿಕೊಂಡು ಹೊರಗೆ ನಿಂತಳು ಅಷ್ಟೆ. ಹೋಗುವಾಗ ಹೆದರಿ ಸೊಸೆಯ ಸೊಂಟವನ್ನು ಬಿಗಿಯಾಗಿ ಹಿಡಿದಿದ್ದಳು. ಬರುವಾಗ ಸೂರ್ಯಕಾಂತಿ ಹೊಲಗಳ ನಡುವೆ ಒಂದು ಕೈ ಬಿಟ್ಟು, ಅದು ಯಾರ ಹೊಲ, ಇದು ಯಾರ ತೋಟ ಎಂದು ತೋರಿಸಿಕೊಂಡು ಬಂದಳು.

ಇನ್ನೂ ಬಿಸಿಲಿರುವಾಗಲೇ ಊರ ಬಾಗಿಲಿಗೆ ಬಂದರು. ಅಲ್ಲಿ ದಾರಿ ಎರಡಾಗುತ್ತದೆ. ಒಂದು ಕೆರೆ ಏರಿಯ ಮೇಲೆ ಬಳಸಿಕೊಂಡು ಅವರ ಕೇರಿಯ ಹಿಂಭಾಗಕ್ಕೆ ಹೋಗುತ್ತದೆ, ಇನ್ನೊಂದು ದೊಡ್ಡಬೀದಿಯನ್ನು ಹಾದು ಹೋಗುತ್ತದೆ. ಮನೆಯವರೆಲ್ಲ ಯಾವಾಗಲೂ ಏರಿಯ ದಾರಿಯಲ್ಲೇ ಬರುತ್ತಿದ್ದರು. ಚಿಕ್ಕನಿಂಗಮ್ಮ ಮದುವೆಯಾಗಿ ಬಂದ ಕಾಲದಲ್ಲಿ ಅವರ ಕೇರಿಯವರು ದೊಡ್ಡಬೀದಿಯಲ್ಲಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ಈಗ ಹಾಗೆ ಹೇಳುವವರು ಯಾರೂ ಇರಲಿಲ್ಲ, ಏರಿಯ ದಾರಿಯೇ ಕಾಲಿಗೆ ಅಭ್ಯಾಸವಾಗಿಹೋಗಿತ್ತು.

ಚಿಕ್ಕನಿಂಗಮ್ಮ ಸೊಸೆಯ ಭುಜ ತಟ್ಟಿ ನಿಲ್ಲಿಸಿದಳು. ಊರವರ ಕಣ್ಣಿಗೆ ಬೀಳಲು ನಾಚಿಕೆಯಾಗಿ ಇಲ್ಲಿಂದ ನಡೆದು ಬರುತ್ತಾಳೆಂದು ಶಿವಲಕ್ಷ್ಮಿ ಅಂದುಕೊಂಡಳು. ಅತ್ತೆ ಇಳಿದು ಸೀರೆಯ ಧೂಳು ಕೊಡವಿದಳು, ನೆರಿಗೆ ಸರಿಮಾಡಿಕೊಂಡು ಮತ್ತೆ ಹತ್ತಿ ಕೂತಳು.

"ಏರಿ ದಾರಿ ಬ್ಯಾಡ. ದೊಡ್ಡಬೀದೀಲೇ ಓಗು," ಎಂದಳು. "ಜೋರಾಗಿ ಓಡಿಸ್ಬ್ಯಾಡ."

ಶಿವಲಕ್ಷ್ಮಿ ಗೇರು ಇಳಿಸಿ ನಿಧಾನವಾಗಿ ಬೀದಿಯೊಳಗೆ ಹೋದಳು. ಜಗಲಿಗಳ ಮೇಲೆ ಜನ ಕೂತಿದ್ದರು. ಹಂಚಿನ ಮನೆಯ ಮರಿಮಲ್ಲಪ್ಪ ಪೇಪರು ಕೆಳಗಿಟ್ಟು, ಎಲ್ಲಿಗೆ ಹೋಗಿದ್ದೆ ನಿಂಗಮ್ಮ ಎಂದು ಕೇಳಿದ. ಶಿವಲಕ್ಷ್ಮಿ ಗಾಡಿ ನಿಲ್ಲಿಸಿದಳು. ಚಿಕ್ಕನಿಂಗಮ್ಮ ಇಳಿಯಲಿಲ್ಲ. ಕೂತಲ್ಲಿಂದಲೇ, "ಚಾಮರಾಜನಗರ್ಕ ಓಗಿದ್ದೆ ಕಣಪ್ಪ, ನನ್ನ ಸೊಸೆ ಜೊತೆ," ಎಂದಳು. ಮುಂದಿನ ಜಗಲಿಯವರು ಕೇಳದೆ ಇದ್ದರೂ ಅವರಿಗೂ ಅದನ್ನೇ ಹೇಳಿದಳು.